ಲೆಕ್ಕದಲ್ಲಿ ಹಿಂದೆ, ಚಿತ್ರದಲ್ಲಿ ಮುಂದೆ: ಎಂ. ಸಿ. ಎಷರ್

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನಕ್ಕೆ ಪ್ರತಿ ತಂಡವೂ ಒಂದು ಬೋರ್ಡ್ ಆಟ ತಯಾರಿಸಬೇಕು ಎಂದು ನಮ್ಮ ಬೇಸಿಕ್ ಮ್ಯಾಥ್ಸ್ ಮೇಡಂ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಕಾರಣ ನನ್ನ ತರಗತಿಯವರಿಗೆ ಗೊತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಗಣಿತವನ್ನು ಪೂರಕ ಪರೀಕ್ಷೆಯಲ್ಲಿ ಪಾಸು ಮಾಡಿದವಳು. ಕಾಮರ್ಸ್‌ಗೆ ಬಂದರೆ ಲೆಕ್ಕ ತಪ್ಪುತ್ತದೆ ಎಂದುಕೊಂಡಿದ್ದೆ. ಸೀಟು ಸಿಕ್ಕಿದ್ದು ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್‌ನಲ್ಲೇ.

ಚೀಟಿ ಎತ್ತಿದಾಗ ನಮ್ಮ ತಂಡಕ್ಕೆ ಬಂದ ವಿಷಯ ಜ್ಯಾಮಿತಿಯ ರೂಪಾಂತರಗಳು. ಅಂದರೆ ಒಂದು ಆಕಾರವನ್ನು ಅದರ ಅಳತೆ ಕೆಡದಂತೆ ಜರುಗಿಸುವುದು, ತಿರುಗಿಸುವುದು, ಕನ್ನಡಿಯಲ್ಲಿ ಕಂಡಂತೆ ಮಗುಚುವುದು. ನಾಲ್ವರಲ್ಲಿ ಮೂವರು ಆಟದ ನಿಯಮ ಬರೆಯಲು ಕುಳಿತರು. ನನಗೆ ಕೊಟ್ಟ ಕೆಲಸ ರಟ್ಟು ಕತ್ತರಿಸಿ ಬಣ್ಣ ಹಚ್ಚುವುದು. ನನಗೂ ಅದೇ ಬೇಕಿತ್ತು.

ಆದರೆ ತಪ್ಪು ಮೊದಲು ಕಂಡದ್ದು ಕತ್ತರಿಸುವವಳಿಗೇ. ಮೊದಲು ಚೌಕದ ಕಾಯಿಗಳನ್ನು ಮಾಡಿದ್ದೆವು. ತಿರುಗು ಎಂಬ ಕಾರ್ಡ್ ಬಂದಾಗ ಕಾಯಿಯನ್ನು ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುತ್ತಿತ್ತು. ಮಗುಚಿದರೂ ಹಾಗೆಯೇ. ಆಗ ಇಂಗ್ಲಿಷಿನ ಎಲ್ ಅಕ್ಷರದಂತೆ ನಾಲ್ಕು ಚೌಕಗಳ ಕಾಯಿ ಕತ್ತರಿಸಿದೆ. ಮಗುಚು ಕಾರ್ಡ್ ಬಂದಾಗ ಅದನ್ನು ಮೇಜಿನ ಮೇಲೆ ಎಷ್ಟು ಸುತ್ತಿಸಿದರೂ ಕನ್ನಡಿಯ ಆಕಾರ ಬರಲಿಲ್ಲ. ಕೈಯಿಂದ ಎತ್ತಿ ಬೆನ್ನು ಮೇಲೆ ಮಾಡಿ ಇಡಲೇಬೇಕು. ಹಾಗಾಗಿ ರಟ್ಟಿನ ಎರಡೂ ಬದಿಗೆ ಬೇರೆ ಬೇರೆ ಬಣ್ಣ ಹಚ್ಚಿದೆ. ಆ ಬಣ್ಣ ಹಚ್ಚುವಾಗ, ಜರುಗಿಸುವುದು ಮತ್ತು ತಿರುಗಿಸುವುದು ಒಂದು ಜಾತಿ, ಮಗುಚುವುದು ಇನ್ನೊಂದು ಜಾತಿ ಎಂದು ನನಗೆ ಯಾರೂ ಹೇಳಿಕೊಡದೆ ತಿಳಿಯಿತು.

ಇದನ್ನು ಹೆದರುತ್ತಲೇ ಮೇಡಂಗೆ ಹೇಳಿದೆ. ಅವರು ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದು ತೋರಿಸಿದರು. ಮೂರು ಬಣ್ಣದ ಹಲ್ಲಿಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ಎಳ್ಳಷ್ಟೂ ಜಾಗ ಬಿಡದೆ ಇಡೀ ಹಾಳೆಯನ್ನು ತುಂಬಿದ್ದವು. ಬರೆದವರು ಎಷರ್ ಎಂಬ ಡಚ್ ಕಲಾವಿದರು, ಅವರೂ ಶಾಲೆಯಲ್ಲಿ ಫೇಲಾಗಿದ್ದವರು ಎಂದರು. ಆ ಎರಡನೆಯ ಮಾತಿಗಾಗಿಯೇ ನಾನು ಅವರ ಬಗ್ಗೆ ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳಬೇಕೆನಿಸಿತು.

ಮೌರಿಟ್ಸ್ ಕಾರ್ನೆಲಿಸ್ ಎಷರ್ ಹುಟ್ಟಿದ್ದು 1898ರ ಜೂನ್ 17ರಂದು, ನೆದರ್ಲೆಂಡ್ಸ್‌ನ ಲೇವಾರ್ಡನ್ ಎಂಬ ಊರಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಐವರು ಗಂಡು ಮಕ್ಕಳಲ್ಲಿ ಇವರೇ ಕೊನೆಯವರು. ಮನೆಯವರು ಮೌಕ್ ಎಂದು ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಆರೋಗ್ಯ ಸರಿ ಇರಲಿಲ್ಲ. 1903ರಲ್ಲಿ ಕುಟುಂಬ ಆರ್ನೆಮ್ ನಗರಕ್ಕೆ ಬಂತು. ಮರಗೆಲಸ ಕಲಿತರು, ಪಿಯಾನೋ ಕಲಿತರು, ಚಿತ್ರ ಚೆನ್ನಾಗಿ ಬರೆಯುತ್ತಿದ್ದರು. ಆದರೆ ಉಳಿದ ಪಾಠಗಳಲ್ಲಿ ಅಂಕ ಬರುತ್ತಿರಲಿಲ್ಲ. 1918ರಲ್ಲಿ ಪ್ರೌಢಶಾಲೆಯ ಕೊನೆಯ ಪರೀಕ್ಷೆಯಲ್ಲಿ ಫೇಲಾದರು.

ಮಗ ಕಟ್ಟಡ ವಿನ್ಯಾಸ ಕಲಿತು ಒಂದು ನೆಲೆಗೆ ನಿಲ್ಲಲಿ ಎಂಬುದು ತಂದೆಯ ಆಸೆ. ಅದಕ್ಕಾಗಿ 1919ರಲ್ಲಿ ಹಾರ್ಲೆಮ್‌ನ ವಾಸ್ತುಶಿಲ್ಪ ಮತ್ತು ಅಲಂಕಾರಿಕ ಕಲೆಗಳ ಶಾಲೆಗೆ ಸೇರಿದರು. ಅಲ್ಲಿ ಸ್ಯಾಮ್ಯುವೆಲ್ ಜೆಸ್ಸುರನ್ ಡಿ ಮೆಸ್ಕಿಟಾ ಎಂಬ ಅಧ್ಯಾಪಕರು ಈ ಹುಡುಗನ ಚಿತ್ರಗಳನ್ನು ನೋಡಿದರು. ಅವರ ಮಾತಿನ ಮೇಲೆ ಎಷರ್ ಕಟ್ಟಡ ವಿನ್ಯಾಸ ಬಿಟ್ಟು ಅಚ್ಚಿನ ಚಿತ್ರಕಲೆಗೆ ಬಂದರು. ಮರದ ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಒತ್ತುವ ಕಲೆ ಅದು. ಹಲಗೆಯ ಮೇಲೆ ಎಡಕ್ಕೆ ಕೆತ್ತಿದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಅಂದರೆ ಈ ಕೆಲಸ ಮಾಡುವವರು ದಿನವೂ ಕನ್ನಡಿಯೊಳಗಿನಿಂದಲೇ ಯೋಚಿಸಬೇಕು. ನಮ್ಮ ಆಟದ ಮಗುಚು ಕಾರ್ಡ್ ಅವರ ಕೈಗೆ ಆಗಲೇ ಅಭ್ಯಾಸವಾಗಿತ್ತು ಎಂದು ನನಗೆ ಅನಿಸುತ್ತದೆ.

ಓದು ಮುಗಿದ 1922ರಲ್ಲಿ ಅವರು ಇಟಲಿ ಮತ್ತು ಸ್ಪೇನ್ ಸುತ್ತಿದರು. ಸ್ಪೇನಿನ ಗ್ರನಾಡಾದಲ್ಲಿ ಅಲ್‌ಹಂಬ್ರ ಅರಮನೆ ಇದೆ. ಅರಬ್ಬಿಯಲ್ಲಿ ಅಲ್ ಹಮ್ರಾ ಎಂದರೆ ಕೆಂಪಾದದ್ದು. ನಸ್ರಿದ್ ವಂಶದ ಮುಸ್ಲಿಂ ಅರಸರು 13 ಮತ್ತು 14ನೇ ಶತಮಾನಗಳಲ್ಲಿ ಕಟ್ಟಿಸಿದ್ದು. ಅದರ ಗೋಡೆಗಳ ಕೆಳಭಾಗದ ತುಂಬ ಬಣ್ಣದ ಹೆಂಚಿನ ತುಂಡುಗಳನ್ನು ಜೋಡಿಸಿದ್ದಾರೆ. ನಕ್ಷತ್ರ, ಬಹುಭುಜ, ಬಾಗಿದ ಪಟ್ಟಿ, ಹೀಗೆ ಕೆಲವೇ ಆಕಾರಗಳು. ಅವನ್ನೇ ಜರುಗಿಸಿ, ತಿರುಗಿಸಿ, ಮಗುಚಿ ಎಷ್ಟು ದೂರ ಬೇಕಾದರೂ ಮುಂದುವರಿಸಬಹುದು. ಇಪ್ಪತ್ತನಾಲ್ಕು ವರ್ಷದ ಎಷರ್ ಅದರ ಮುಂದೆ ನಿಂತು ಒಂದು ವಿನ್ಯಾಸವನ್ನು ಜಾಗ್ರತೆಯಾಗಿ ನಕಲು ಮಾಡಿಕೊಂಡರು. ನಮ್ಮ ಮೊಹಲ್ಲಾದ ಮಸೀದಿಯ ಕಿಟಕಿಯಲ್ಲೂ ಇಂಥ ಜಾಲಿ ಇದೆ. ಎಷ್ಟೋ ಸಲ ಅದರ ಕೆಳಗೆ ಹಾದು ಹೋಗಿದ್ದೇನೆ. ಒಮ್ಮೆಯೂ ನಿಂತು ನೋಡಿರಲಿಲ್ಲ.

1924ರಲ್ಲಿ ಯೆಟ್ಟಾ ಉಮಿಕರ್ ಅವರನ್ನು ಮದುವೆಯಾಗಿ ರೋಮ್‌ನಲ್ಲಿ ಮನೆ ಮಾಡಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಟಲಿಯ ಬೆಟ್ಟ, ಹಳ್ಳಿ, ಸಮುದ್ರ ತೀರಗಳನ್ನು ಚಿತ್ರಿಸಿದರು. ಹೆಸರು ನಿಧಾನವಾಗಿ ಬರುತ್ತಿತ್ತು, ಹಣ ಬರುತ್ತಿರಲಿಲ್ಲ. ಮನೆ ನಡೆಸಲು ಬಹುಕಾಲ ಹೆತ್ತವರ ನೆರವು ಬೇಕಾಗಿತ್ತು. ಅಷ್ಟರಲ್ಲಿ ಮುಸೊಲಿನಿಯ ಆಡಳಿತ ಬಿಗಿಯಾಯಿತು. ಹಿರಿಯ ಮಗ ಜಾರ್ಜ್‌ಗೆ ಒಂಬತ್ತು ವರ್ಷ. ಶಾಲೆಯಲ್ಲಿ ಆ ಮಗು ಫ್ಯಾಸಿಸ್ಟ್ ಬಾಲಸಂಘದ ಸಮವಸ್ತ್ರ ತೊಡಬೇಕಾಗಿ ಬಂದಾಗ ಎಷರ್ ತಡೆದುಕೊಳ್ಳಲಿಲ್ಲ. 1935ರಲ್ಲಿ ತಾವು ತುಂಬ ಪ್ರೀತಿಸಿದ ಇಟಲಿಯನ್ನು ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಸ್ವಿಟ್ಜರ್ಲೆಂಡ್‌ಗೆ ಹೋದರು.

ಅಲ್ಲಿ ಎತ್ತ ನೋಡಿದರೂ ಹಿಮ. ಅವರ ಮನಸ್ಸು ಸಮುದ್ರಕ್ಕಾಗಿ ಹಂಬಲಿಸುತ್ತಿತ್ತು. ಕೈಯಲ್ಲಿ ಹಣವಿಲ್ಲ. ಆಗ ಮಾಡಿದ ಉಪಾಯ ಕಾಮರ್ಸ್‌ನವರಾದ ನಮಗೆ ಇಷ್ಟವಾಗುವಂಥದ್ದು. ಒಂದು ಹಡಗು ಕಂಪನಿಗೆ ಪತ್ರ ಬರೆದರು. ಪ್ರಯಾಣ ಕೊಟ್ಟರೆ ಅದರ ಬೆಲೆಯನ್ನು ಹಣದಲ್ಲಿ ಅಲ್ಲ, ದಾರಿಯಲ್ಲಿ ಬರೆದ ಚಿತ್ರಗಳ ಅಚ್ಚುಗಳಲ್ಲಿ ತೀರಿಸುತ್ತೇನೆ ಎಂದರು. ಕಂಪನಿ ಒಪ್ಪಿತು. ಪುಸ್ತಕದಲ್ಲಿ ನಾವು ಓದುವ ವಸ್ತು ವಿನಿಮಯ ಪದ್ಧತಿ 1936ರಲ್ಲೂ ನಡೆದದ್ದು ಹೀಗೆ.

ಆ ಪ್ರಯಾಣದಲ್ಲಿ ಗಂಡ ಹೆಂಡತಿ ಮತ್ತೆ ಅಲ್‌ಹಂಬ್ರಕ್ಕೆ ಬಂದರು. ಈ ಸಲ ಇಬ್ಬರೂ ಕುಳಿತು ಗೋಡೆಯ ವಿನ್ಯಾಸಗಳನ್ನು ಒಂದೊಂದಾಗಿ ಬಣ್ಣ ಸಮೇತ ನಕಲು ಮಾಡಿದರು. ಕಾರ್ಡೊಬಾದ ಹಳೆಯ ಮಸೀದಿಯನ್ನೂ ನೋಡಿ ಚಿತ್ರಿಸಿದರು. ಅವರು ಹೊರಟುಬಂದ ಕೆಲವೇ ವಾರಗಳಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು.

ಮನೆಗೆ ಬಂದ ಮೇಲೆ ಎಷರ್ ಬೇರೆ ಮನುಷ್ಯರಾದರು. ಬೆಟ್ಟ ಗುಡ್ಡಗಳ ಚಿತ್ರ ಹಿಂದಕ್ಕೆ ಸರಿಯಿತು. ಒಂದೇ ಆಕಾರದಿಂದ ಸಮತಲವನ್ನು ಸಂದಿಲ್ಲದೆ ತುಂಬುವ ಹುಚ್ಚು ಹಿಡಿಯಿತು. ಅಲ್‌ಹಂಬ್ರದ ಕಲಾವಿದರು ನಕ್ಷತ್ರ ಮತ್ತು ಗೆರೆಗಳಲ್ಲೇ ನಿಂತರಲ್ಲ ಎಂಬ ಕೊರಗು ಅವರಿಗೆ ಇತ್ತು. ತಮಗೆ ಮೀನು, ಹಕ್ಕಿ, ಹಲ್ಲಿ, ಕುದುರೆ ಬೇಕು ಎಂದರು. ಇದನ್ನು ಓದಿದಾಗ ನನಗೆ ಸ್ವಲ್ಪ ಬೇಸರವಾಯಿತು. ಜೀವಿಗಳ ಚಿತ್ರ ಬರೆಯದಿರುವುದಕ್ಕೆ ಆ ಕುಶಲಕರ್ಮಿಗಳಿಗೆ ತಮ್ಮದೇ ಕಾರಣವಿತ್ತು. ಬರೀ ಗೆರೆಗಳಿಂದಲೇ ಅವರು ಅಷ್ಟು ದೂರ ಹೋಗಿದ್ದರಿಂದಲೇ ಎಷರ್‌ಗೆ ದಾರಿ ಕಂಡಿತು. ಆ ಋಣವನ್ನು ಎಷರ್ ಮರೆಯಲಿಲ್ಲ. ತಮಗೆ ಎಲ್ಲಕ್ಕಿಂತ ಹೆಚ್ಚು ಸ್ಫೂರ್ತಿ ಸಿಕ್ಕಿದ್ದು ಅಲ್ಲಿಂದಲೇ ಎಂದು ಒಪ್ಪಿಕೊಂಡಿದ್ದಾರೆ.

1937ರಲ್ಲಿ ಕುಟುಂಬ ಬೆಲ್ಜಿಯಂಗೆ ಬಂತು. ಆ ವರ್ಷ ಎಷರ್ ತಮ್ಮ ಹೊಸ ಚಿತ್ರಗಳನ್ನು ಅಣ್ಣ ಬೆರೆಂಡ್‌ಗೆ ತೋರಿಸಿದರು. ಅಣ್ಣ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರು. ಹರಳುಗಳಲ್ಲಿ ಕಣಗಳು ಹೇಗೆ ಜೋಡಣೆಯಾಗುತ್ತವೆ ಎಂದು ಬಲ್ಲವರಾದ್ದರಿಂದ ಈ ಚಿತ್ರಗಳಲ್ಲಿ ಇರುವುದೂ ಅದೇ ಗಣಿತ ಎಂದು ಗುರುತಿಸಿದರು. ಓದಲು ಕೆಲವು ಸಂಶೋಧನಾ ಲೇಖನಗಳ ಪಟ್ಟಿ ಕೊಟ್ಟರು. ಅದರಲ್ಲಿ ಜಾರ್ಜ್ ಪೋಲ್ಯ ಎಂಬ ಗಣಿತಜ್ಞರು 1924ರಲ್ಲಿ ಬರೆದ ಲೇಖನವೂ ಇತ್ತು. ಎರಡು ದಿಕ್ಕಿನಲ್ಲಿ ಮರುಕಳಿಸುವ ವಿನ್ಯಾಸ ಯಾವುದೇ ಇರಲಿ, ಅದರ ಸಮ್ಮಿತಿಯ ಬಗೆಗಳು 17 ಮಾತ್ರ, ಹದಿನೆಂಟನೆಯದು ಇಲ್ಲ ಎಂದು ಅದು ಹೇಳುತ್ತದೆ. ಜೊತೆಗೆ 17 ಚಿತ್ರಗಳಿದ್ದವು. ಲೇಖನದ ಗಣಿತ ಎಷರ್‌ಗೆ ಅರ್ಥವಾಗಲಿಲ್ಲ. ಅವರು ಪುಸ್ತಕ ಮುಚ್ಚಿಡಲಿಲ್ಲ. 17 ಚಿತ್ರಗಳನ್ನೂ ಕೈಯಿಂದ ನಕಲು ಮಾಡಿ, ಪ್ರತಿಯೊಂದರಲ್ಲಿ ಆಕಾರ ಹೇಗೆ ಪಕ್ಕದ ಆಕಾರವಾಗುತ್ತದೆ ಎಂದು ಬೆರಳಿಟ್ಟು ಹುಡುಕಿದರು. ನನಗೆ ಹದಿನೇಳು ವರ್ಷ. ಅರ್ಥವಾಗದ ಪುಟವನ್ನು ಹೀಗೂ ಓದಬಹುದು ಎಂದು ನನಗೆ ಇದುವರೆಗೆ ಗೊತ್ತಿರಲಿಲ್ಲ.

ಆಮೇಲೆ ತಮಗಾಗಿಯೇ ಒಂದು ನೋಟ್ ಪುಸ್ತಕ ಮಾಡಿಕೊಂಡರು. 1941-42ರಲ್ಲಿ ಅದಕ್ಕೆ ಒಂದು ರೂಪ ಬಂತು. ತಮ್ಮದೇ ಗುರುತು, ತಮ್ಮದೇ ವರ್ಗೀಕರಣ. ಅದರಲ್ಲಿ ಮುಖ್ಯವಾದ ಚಲನೆಗಳು ಮೂರು: ಜರುಗು, ತಿರುಗು, ಮಗುಚಿ ಜರುಗು. ಬರೀ ಕನ್ನಡಿ ಬಿಂಬವನ್ನು ಅವರು ಬದಿಗಿಟ್ಟರು. ಕಾರಣ ಸರಳ. ಎರಡು ಮೀನುಗಳು ಒಂದಕ್ಕೊಂದು ಕನ್ನಡಿ ಬಿಂಬವಾಗಿ ಅಂಟಿಕೊಂಡರೆ ಅವುಗಳ ನಡುವಿನ ಗಡಿ ಕನ್ನಡಿಯ ಗೆರೆಯೇ ಆಗಿರುತ್ತದೆ, ಅದು ನೇರವಾಗಿರಲೇಬೇಕು. ನೇರ ಗೆರೆಯಲ್ಲಿ ಮೀನಿನ ಬೆನ್ನು ಬರುವುದಿಲ್ಲ.

ಮಗುಚಿ ಜರುಗು ಎಂದರೇನು ಎಂದು ನಾನು ಮನೆಯಲ್ಲಿ ಅಮ್ಮಿಗೆ ಉರ್ದುವಿನಲ್ಲಿ ಹೇಳಲು ಹೋಗಿ ಸೋತೆ. ಅಷ್ಟರಲ್ಲಿ ಅವರು ವುಝು ಮಾಡಿ ನಮಾಜ್‌ಗೆ ಹೋದರು. ನೆಲದ ಮೇಲೆ ಒದ್ದೆ ಹೆಜ್ಜೆಗಳು ಉಳಿದವು. ಎಡ ಪಾದ, ಸ್ವಲ್ಪ ಮುಂದೆ ಬಲ ಪಾದ, ಮತ್ತೆ ಎಡ. ಎಡ ಪಾದವನ್ನು ಮಗುಚಿ ಮುಂದಕ್ಕೆ ಜರುಗಿಸಿದರೆ ಬಲ ಪಾದ. ಎಷರ್ 1946ರಲ್ಲಿ ಮಾಡಿದ ಕುದುರೆ ಸವಾರರ ಚಿತ್ರ ಇದೇ ನಿಯಮದ್ದು. ಒಂದು ಬಣ್ಣದ ಸವಾರರು ಎಡಕ್ಕೆ, ಇನ್ನೊಂದು ಬಣ್ಣದವರು ಬಲಕ್ಕೆ ಹೋಗುತ್ತಾರೆ. ಇವರ ನಡುವಿನ ಖಾಲಿ ಜಾಗವೇ ಅವರು. ಮೇಡಂ ತೋರಿಸಿದ 1939ರ ಹಲ್ಲಿಗಳ ಚಿತ್ರದಲ್ಲಿ ಹಲ್ಲಿ ಒಂದು ಬಿಂದುವಿನ ಸುತ್ತ 120 ಡಿಗ್ರಿ ತಿರುಗಿದರೆ ಪಕ್ಕದ ಹಲ್ಲಿಯ ಮೇಲೆ ಕೂರುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಹೊರಗೆ ಎರಡನೇ ಮಹಾಯುದ್ಧ. 1941ರಲ್ಲಿ ಕುಟುಂಬ ನೆದರ್ಲೆಂಡ್ಸ್‌ನ ಬಾರ್ನ್ ಊರಿಗೆ ಬಂದಿತ್ತು. ದೇಶ ನಾಜಿಗಳ ಕೈಯಲ್ಲಿತ್ತು. ಗುರು ಡಿ ಮೆಸ್ಕಿಟಾ ಯಹೂದಿಗಳು. 1944ರ ಆರಂಭದಲ್ಲಿ ಅವರನ್ನೂ ಅವರ ಹೆಂಡತಿ ಮತ್ತು ಮಗನನ್ನೂ ನಾಜಿಗಳು ಎಳೆದೊಯ್ದರು. ಗುರು ಮತ್ತು ಅವರ ಪತ್ನಿಯನ್ನು ಆಶ್ವಿಟ್ಸ್ ಶಿಬಿರದಲ್ಲಿ ಕೊಂದರು. ಮಗನೂ ಬದುಕಿ ಬರಲಿಲ್ಲ. ಎಷರ್ ಗುರುವಿನ ಮನೆಗೆ ಹೋದಾಗ ಮನೆ ಖಾಲಿ. ಚಿತ್ರಗಳು ನೆಲದ ಮೇಲೆ ಚೆಲ್ಲಾಡಿದ್ದವು. ಒಂದರ ಮೇಲೆ ಬೂಟಿನ ಗುರುತಿತ್ತು. ಎತ್ತಿಕೊಳ್ಳಲು ಆದಷ್ಟನ್ನು ಎತ್ತಿಕೊಂಡು ಕಾಪಾಡಿದರು. ಯುದ್ಧ ಮುಗಿದ ಮೇಲೆ ಗುರುವಿನ ಚಿತ್ರಗಳ ಪ್ರದರ್ಶನ ನಡೆಯಲು ಶ್ರಮಿಸಿದರು. ಫೇಲಾದ ಹುಡುಗನಲ್ಲಿ ಮೊದಲು ಏನನ್ನೋ ಕಂಡವರು ಆ ಗುರು. ಶಿಷ್ಯ ಕೊನೆಯವರೆಗೂ ಅದನ್ನು ಮರೆಯಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಎಷರ್ ತಮ್ಮ ಮಕ್ಕಳೊಂದಿಗೆ ಚಳಿಗಾಲದ ಸಂಜೆಗಳಲ್ಲಿ ಆಲೂಗಡ್ಡೆಯ ಆಟ ಆಡುತ್ತಿದ್ದರು. ಆಲೂಗಡ್ಡೆಯನ್ನು ಕತ್ತರಿಸಿ, ಚೌಕ ಮಾಡಿ, ಅದರ ಮೇಲೆ ಒಂದು ಚಿತ್ರ ಕೆತ್ತಿ, ಬಣ್ಣ ಹಚ್ಚಿ ಕಾಗದಕ್ಕೆ ಒತ್ತುವುದು. ಒಂದೇ ಅಚ್ಚು. ಆದರೆ ನೇರವಾಗಿ, ಬಲಕ್ಕೆ ತಿರುಗಿಸಿ, ತಲೆಕೆಳಗಾಗಿ, ಎಡಕ್ಕೆ ತಿರುಗಿಸಿ, ಹೀಗೆ ನಾಲ್ಕು ರೀತಿ ಒತ್ತಬಹುದು. ಎರಡು ಸಾಲು, ಎರಡು ಕಂಬದ ನಾಲ್ಕು ಮನೆಗಳಲ್ಲಿ ಒತ್ತಿ, ಆ ನಾಲ್ಕರ ಗುಂಪನ್ನೇ ಹಾಳೆಯ ತುಂಬ ಮತ್ತೆ ಮತ್ತೆ ಜರುಗಿಸಿದರೆ ಒಂದು ವಿನ್ಯಾಸ ಬರುತ್ತದೆ. ಪ್ರತಿ ಮನೆಗೆ 4 ಆಯ್ಕೆ, ನಾಲ್ಕು ಮನೆಗೆ 4 x 4 x 4 x 4, ಒಟ್ಟು 256. ಆದರೆ ಹಾಳೆಯನ್ನು ತಿರುಗಿಸಿ ಅಥವಾ ಸ್ವಲ್ಪ ಸರಿಸಿ ನೋಡಿದರೆ ಇವುಗಳಲ್ಲಿ ಎಷ್ಟೋ ಒಂದೇ ಆಗಿರುತ್ತವೆ. ನಿಜವಾಗಿ ಬೇರೆ ಬೇರೆಯಾದವು ಎಷ್ಟು? ಎಷರ್‌ಗೆ ಇದಕ್ಕೆ ಸೂತ್ರ ಗೊತ್ತಿರಲಿಲ್ಲ. ತಾಳ್ಮೆಯಿಂದ ಒಂದೊಂದನ್ನೂ ಬರೆದು ಹೋಲಿಸಿ 23 ಎಂದು ಕಂಡುಕೊಂಡರು. ಸೂತ್ರ ಹಾಕಿ ಎಣಿಸಿದರೂ ಉತ್ತರ 23.

1954ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನ ನಡೆಯಿತು. ಅದೇ ವೇಳೆ ನಗರದ ಸ್ಟೆಡಲೈಕ್ ಮ್ಯೂಸಿಯಂನಲ್ಲಿ ಎಷರ್ ಚಿತ್ರಗಳ ಪ್ರದರ್ಶನ. ದೊಡ್ಡ ದೊಡ್ಡ ಗಣಿತಜ್ಞರು ಬಂದು ಬೆರಗಾದರು. ಅವರಲ್ಲಿ ಒಬ್ಬರಾದ ಕಾಕ್ಸೆಟರ್ ಮುಂದೆ ತಮ್ಮ ಒಂದು ಲೇಖನವನ್ನು ಕಳಿಸಿದರು. ಅದರ ಮಾತುಗಳು ಎಷರ್‌ಗೆ ತಿಳಿಯಲಿಲ್ಲ. ಆದರೆ ಅದರಲ್ಲಿದ್ದ ಒಂದು ರೇಖಾಚಿತ್ರ ನೋಡಿ, ವೃತ್ತದ ಅಂಚಿಗೆ ಹೋದಂತೆ ಚಿಕ್ಕದಾಗುತ್ತಾ ಹೋಗುವ ಆಕಾರಗಳ ಚಿತ್ರಮಾಲೆಯನ್ನು 1958ರಿಂದ ರಚಿಸಿದರು. 1965ರಲ್ಲಿ ಹರಳು ವಿಜ್ಞಾನಿ ಕ್ಯಾರೊಲಿನ್ ಮ್ಯಾಕ್‌ಗಿಲಾವ್ರಿ ಎಷರ್ ಅವರ ಚಿತ್ರಗಳನ್ನೇ ಬಳಸಿ ವಿದ್ಯಾರ್ಥಿಗಳಿಗೆ ಸಮ್ಮಿತಿ ಕಲಿಸುವ ಪುಸ್ತಕ ತಂದರು. ಪರೀಕ್ಷೆಯಲ್ಲಿ ಫೇಲಾದವರ ಚಿತ್ರ ಬೇರೆಯವರಿಗೆ ಪಠ್ಯವಾಯಿತು.

ಎಷರ್ 1972ರ ಮಾರ್ಚ್ 27ರಂದು ತೀರಿಕೊಂಡರು. ಆಗ ಅವರಿಗೆ 73 ವರ್ಷ.

ಇನ್ನು ನಮ್ಮ ಆಟದ ವಿಷಯ. ಬೋರ್ಡ್‌ಗೆ 10 ಸಾಲು, 10 ಕಂಬ. ನಡುವೆ ಅಡ್ಡ ಒಂದು, ಉದ್ದ ಒಂದು ದಪ್ಪ ಗೆರೆ. ಅವು ಕನ್ನಡಿಗಳು. ಗೆರೆಗಳು ಸೇರುವಲ್ಲಿ ಕೆಂಪು ಚುಕ್ಕೆ, ಅದರ ಸುತ್ತಲೇ ತಿರುಗಿಸಬೇಕು. ಮೊದಲು ಚುಕ್ಕೆ ಇಟ್ಟಿರಲಿಲ್ಲ. ಯಾವ ಬಿಂದುವಿನ ಸುತ್ತ ತಿರುಗಿಸುವುದು ಎಂದು ಆಡಿದವರೆಲ್ಲ ಜಗಳವಾಡಿದ ಮೇಲೆ ಇಟ್ಟೆವು. ಪ್ರದರ್ಶನದ ಹಿಂದಿನ ದಿನ ಆರನೇ ತರಗತಿಯ ನನ್ನ ತಂಗಿಯನ್ನು ಆಡಿಸಿ ನೋಡಿದೆ. ಅವಳ ಕೈಯಲ್ಲಿ ತಿರುಗು ಕಾರ್ಡ್ ಇರಲಿಲ್ಲ, ಮಗುಚು ಕಾರ್ಡ್ ಎರಡಿದ್ದವು. ಉದ್ದ ಗೆರೆಯಲ್ಲಿ ಒಮ್ಮೆ, ಅಡ್ಡ ಗೆರೆಯಲ್ಲಿ ಒಮ್ಮೆ ಮಗುಚಿ ಗೆದ್ದೆ ಎಂದಳು. ಮೋಸ ಎಂದೆ. ಇನ್ನೊಂದು ಕಾಯಿಯನ್ನು ಚುಕ್ಕೆಯ ಸುತ್ತ ಅರ್ಧ ಸುತ್ತು ತಿರುಗಿಸಿ ನೋಡಿದರೆ ಅದೇ ಮನೆ, ಅದೇ ಬಣ್ಣ ಮೇಲೆ. ಎರಡು ಕನ್ನಡಿ ಸೇರಿದರೆ ಒಂದು ತಿರುವು. ಗೆರೆಗಳ ನಡುವಿನ ಕೋನ 90 ಡಿಗ್ರಿ, ತಿರುವು ಅದರ ಎರಡರಷ್ಟು, 180. ಗೆರೆಗಳು ಸಮಾಂತರವಾಗಿದ್ದರೆ ತಿರುವಿನ ಬದಲು ಜರುಗು ಬರುತ್ತದೆ ಎಂದು ಮರುದಿನ ಮೇಡಂ ಹೇಳಿದರು. ಆ ದಿನ ನಮ್ಮ ಮೇಜಿಗೆ ಬಂದವರಿಗೆಲ್ಲ ಇದನ್ನು ವಿವರಿಸಿದ್ದು ರಟ್ಟು ಕತ್ತರಿಸಿದ ನಾನೇ. ನಮಗೆ ಬಹುಮಾನ ಬರಲಿಲ್ಲ. ಆದರೆ ಈಗ ಬೇಸಿಕ್ ಮ್ಯಾಥ್ಸ್ ಪೀರಿಯಡ್ ಬಂದರೆ ಹಿಂದಿನ ಬೆಂಚಿಗೆ ಹೋಗುವುದಿಲ್ಲ.

ಕೊನೆಗೆ ಒಂದು ಮಾತು. ನನ್ನ ಅಬ್ಬಾ ಟೈಲ್ಸ್ ಹಾಕುವ ಕೆಲಸ ಮಾಡುತ್ತಾರೆ. ಇದನ್ನು ಕಾಲೇಜಿನಲ್ಲಿ ನಾನು ಹೆಚ್ಚು ಹೇಳಿಕೊಂಡಿರಲಿಲ್ಲ. ಆಲೂಗಡ್ಡೆಯ ಆಟ ಓದಿದ ರಾತ್ರಿ ಅಬ್ಬಾಗೆ ಅದನ್ನು ವಿವರಿಸಿದೆ. ಅವರು ಎದ್ದು ಹೋಗಿ ಕೆಲಸದಲ್ಲಿ ಉಳಿದ ನಾಲ್ಕು ಹೂವಿನ ಟೈಲ್ಸ್ ತಂದು ನೆಲದ ಮೇಲೆ ಇಟ್ಟರು. ಗಾರೆ ಹಾಕುವ ಮೊದಲು ದಿನವೂ ಹೀಗೆ ತಿರುಗಿಸಿ ನೋಡುತ್ತೇನೆ, ಒಂದು ಟೈಲ್ ತಪ್ಪು ತಿರುಗಿದರೆ ಇಡೀ ಕೋಣೆ ಕೆಡುತ್ತದೆ ಎಂದರು. ಆಮೇಲೆ ಅವರು ಟೈಲ್ಸ್ ತಿರುಗಿಸುತ್ತಾ ಹೋದರು, ನಾನು ಚೌಕದ ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಬೇರೆಯದೆಂದು ನಾನು ಬರೆದ ಮೂರನ್ನು ಅಬ್ಬಾ ತಲೆ ವಾಲಿಸಿ ನೋಡಿ, ಮೊದಲೇ ಬಂದಿವೆ ಎಂದು ಹೊಡೆದು ಹಾಕಿಸಿದರು.

ಇದುವರೆಗೆ ನಮಗೆ ಸಿಕ್ಕಿದ್ದು 19. ಎಷರ್ ಲೆಕ್ಕಕ್ಕೆ ಇನ್ನೂ 4 ಬಾಕಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಹುಡುಕಲೇಬೇಕಲ್ಲ, ಅಬ್ಬಾ ಮತ್ತು ನಾನು ಭಾನುವಾರ ಮತ್ತೆ ಕೂರುತ್ತೇವೆ. ನೀವೂ ಅಡುಗೆಮನೆಯಿಂದ ಒಂದು ಆಲೂಗಡ್ಡೆ ಕೇಳಿ ತಂದು ಶುರು ಮಾಡಿ. ನಮಗಿಂತ ಮೊದಲು 23 ಸಿಕ್ಕಿದವರು ದಯವಿಟ್ಟು ಉತ್ತರ ಹೇಳಿಬಿಡಬೇಡಿ.

- ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ